ಬಸ್ಯಾನ ಎರಡನೆಯ ಕೋಡು

ಕೋಡಿಗೆ ಕ್ಯಾನ್ಸರ್ ಹತ್ತಿದ ಎತ್ತು ಮೊದಲು ಬರೀ ತಲೆ ಕೊಡಹುತ್ತದೆ. ನೊಣ ಕೂತಿರಬೇಕು ಎಂದು ಮನೆಯವರು ಸುಮ್ಮನಾಗುತ್ತಾರೆ. ಕೆಲವು ದಿನಗಳಾದ ಮೇಲೆ ಅದು ಒಂದೇ ಕೋಡನ್ನು ಗೂಟಕ್ಕೆ, ಬೇವಿನ ಬೊಡ್ಡೆಗೆ ತಿಕ್ಕತೊಡಗುತ್ತದೆ. ಆಮೇಲೆ ಅದೇ ಬದಿಯ ಮೂಗಿನ ಹೊಳ್ಳೆಯಿಂದ ರಕ್ತ ಬೆರೆತ ಸಿಂಬಳ ಸೋರುತ್ತದೆ, ತಲೆ ಆ ಕಡೆಗೇ ವಾಲುತ್ತದೆ. ಕೋಡು ಬುಡದಲ್ಲಿ ಸಡಿಲಾಗಿ ಜೋತುಬಿದ್ದ ಮೇಲೆ ದವಾಖಾನೆಗೆ ಹೊಡೆದುಕೊಂಡು ಬಂದರೆ ಹೆಚ್ಚು ಉಪಯೋಗವಿಲ್ಲ. ಅಷ್ಟು ಹೊತ್ತಿಗೆ ಒಳಗೆ ಹೂಕೋಸಿನಂಥ ಗಡ್ಡೆ ಬೆಳೆದು ತಲೆಬುರುಡೆಯ ತನಕ ಇಳಿದಿರುತ್ತದೆ.

ದನದ ದವಾಖಾನೆಯ ಕೆಲಸಕ್ಕೆ ಈಗ ಸೇರುವವರು ಇದನ್ನೆಲ್ಲ ಓದಿಕೊಂಡೇ ಬರುತ್ತೀರಿ. ಆದರೆ ಇಂಥ ಎತ್ತುಗಳ ಬಗ್ಗೆ ನಾವು ರಿಜಿಸ್ಟರಿನಲ್ಲಿ ಏನು ಬರೆದೆವು, ಏನು ಬಿಟ್ಟೆವು, ಬರೆದದ್ದರಿಂದ ಯಾರಿಗೆ ಏನಾಯಿತು ಎಂಬುದನ್ನು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಉಮರ್ಗಾ, ನಿಲಂಗಾ, ಉದಗೀರ, ಈ ಮೂರು ಊರುಗಳ ದವಾಖಾನೆಗಳಲ್ಲೇ ನನ್ನ ಕಂಪೌಂಡರ್ ನೌಕರಿ ಮುಗಿಯಿತು. ಯಾವಾಗ ಸೇರಿದೆ, ಯಾವಾಗ ಪಗಾರ ಏರಿತು ಎಂಬುದು ಸರ್ವಿಸ್ ಬುಕ್ಕಿನಲ್ಲಿದೆ. ಅಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ.

ಹೈದರಾಬಾದ್ ರಾಜ್ಯದ ಮೇಲೆ ಪೊಲೀಸ್ ಆ್ಯಕ್ಷನ್ ಆಗಿ ಹೆಚ್ಚು ದಿನ ಆಗಿರಲಿಲ್ಲ, ನಾನು ಉಮರ್ಗಾಕ್ಕೆ ಹೋದೆ. ಅಲ್ಲಿದ್ದವರು ನಿಜಾಮನ ಕಾಲದ ಒಬ್ಬ ಮುದಿ ಸಲೋತ್ರಿ. ದನದ ಡಾಕ್ಟರಿಗೆ ಆಗ ಹಾಗೇ ಅನ್ನುತ್ತಿದ್ದರು. ಎಲ್ಲರಿಗೂ ಅವರು ಸಲೋತ್ರಿ ಸಾಹೇಬರು. ಎತ್ತಿನ ಬಾಯಿ ಅಗಲಿಸಿ ಒಮ್ಮೆ ಮೂಸಿ ನೋಡಿ ಯಾವ ಹಲ್ಲು ಹುಳುಕಾಗಿದೆ ಎಂದು ಹೇಳುತ್ತಿದ್ದರು. ಕೋಡನ್ನು ಬೆರಳ ಗೆಣ್ಣಿನಿಂದ ಬಡಿದು, ಸದ್ದು ಕೇಳಿಯೇ ಒಳಗೆ ಗಡ್ಡೆ ಇದೆಯೋ ಪೊಳ್ಳೋ ಎಂದು ಗುರುತಿಸುತ್ತಿದ್ದರು. ರಿಜಿಸ್ಟರ್ ಬರೆಯುವ ಕೆಲಸ ಮಾತ್ರ ನನ್ನದು. ಆಗಿನ್ನೂ ಉರ್ದುವಿನಲ್ಲೇ. ಅವರು ಹೇಳುವುದು, ನಾನು ಬರೆಯುವುದು.

ಒಂದು ದಿನ ಮುಖವೆಲ್ಲ ಕಪ್ಪು, ಮೈತುಂಬ ಕಪ್ಪು ಮಚ್ಚೆಯಿದ್ದ ದೇವಣಿ ತಳಿಯ ಎತ್ತು ಬಂತು. ಅವರು ಎಂದಿನಂತೆ, "ಲಿಖ್. ಬೈಲ್, ಸಫೇದ್," ಅಂದರು.

"ಸಾಬ್, ಯೇ ತೋ ಕಾಲಾ ಹೈ."

"ಥೋಡಾ ಸಫೇದ್ ಭೀ ಹೈ ನಾ? ಲಿಖ್!"

ಕಪ್ಪು ಇದ್ದರೇನು, ಸ್ವಲ್ಪ ಬಿಳಿಯೂ ಇದೆಯಲ್ಲ, ಬರೆ. ಹೀಗಾಗಿ ಉಮರ್ಗಾ ತಾಲೂಕಿನ ಎತ್ತುಗಳೆಲ್ಲ ನಮ್ಮ ರಿಜಿಸ್ಟರಿನಲ್ಲಿ ಬಿಳಿ. ಕೊನೆಯ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನ ತನಕ ಒಂದೇ ಮಾತು: 'ಅಚ್ಛಾ'. ಇಡೀ ವರ್ಷ ಒಂದು ದನವೂ ಕೆಟ್ಟದ್ದಾಗಿರಲಿಲ್ಲ. ಸಲೋತ್ರಿ ಸಾಹೇಬರು ಪೆನ್ಶನ್ ಮೇಲೆ ಹೋದ ಮೇಲೆ ಒಂದು ಮಧ್ಯಾಹ್ನ ಕೂತು ಆ ರಿಜಿಸ್ಟರನ್ನು ಮೊದಲಿನಿಂದ ಓದಿದೆ. ಕೋಡು ಬಡಿದು ಅವರು ಏನು ಕೇಳಿಸಿಕೊಳ್ಳುತ್ತಿದ್ದರೋ ಅದರ ಒಂದಕ್ಷರವೂ ಅದರಲ್ಲಿ ಇರಲಿಲ್ಲ. ನಾನೇ ಬರೆದದ್ದು, ಬೇರೆ ಯಾರನ್ನು ಬೈಯಲಿ?

ನಿಲಂಗಾಕ್ಕೆ ವರ್ಗವಾದ ಮೇಲೆ, ಹೈದರಾಬಾದ್ ರಾಜ್ಯ ಒಡೆಯುವ ಮಾತು ನಡೆದಿದ್ದ ದಿನಗಳಲ್ಲಿ, ಜೋಶಿ ಸಾಹೇಬರು ಬಂದರು. ಶಹರದ ಕಾಲೇಜಿನ ಡಾಕ್ಟರು, ತೆಳ್ಳಗಿನ ಆಳು, ಸದಾ ಅವಸರ. ಕಟ್ಟಿಗೆ ಪೆಟ್ಟಿಗೆಗಳಲ್ಲಿ ಗಾಜಿನ ಸಾಮಾನು ತಂದಿದ್ದರು. ಕೋಡಿನ ಕ್ಯಾನ್ಸರಿಗೆ ಹೊಸದೊಂದು ಸೂಜಿಯ ಪ್ರಯೋಗ ಮಾಡುವುದು ಅವರ ಕೆಲಸ. ಅವರ ಮಾತು ಮರಾಠಿ. ನನಗೆ ನೆನಪಿರುವಷ್ಟನ್ನು ಕನ್ನಡದಲ್ಲೇ ಬರೆಯುತ್ತೇನೆ.

ಬಂದ ದಿನವೇ ಹೊಸ ರಿಜಿಸ್ಟರಿಗೆ ಗೆರೆ ಹಾಕಿಸಿದರು. ವಯಸ್ಸು, ಅದೂ ಮಾಲಕ ಹೇಳಿದ್ದಲ್ಲ, ಹಲ್ಲು ನೋಡಿದ್ದು. ಬಣ್ಣ, ಮಚ್ಚೆ, ಸುಳಿ. ಯಾವ ಬದಿಯ ಕೋಡು. ಬೀಜ ಒಡೆದದ್ದು ಯಾವಾಗ. ಎತ್ತುಗಳ ಪೋಳಾ ಹಬ್ಬಕ್ಕೆ ಕೋಡು ಹೆರೆದು ಬಣ್ಣ ಬಳಿಯುತ್ತಾರೋ ಇಲ್ಲವೋ.

"ಬಣ್ಣ ಬಳಿಯೋದನ್ನ ಯಾಕ ಬರೀಬೇಕ್ರಿ?" ಎಂದು ಕೇಳಿದೆ.

"ಯಾಕೆಂದು ನನಗೂ ಗೊತ್ತಿಲ್ಲ ಗುರುಸಿದ್ಧಪ್ಪ. ಆಕಳಿಗೆ ಈ ರೋಗ ಬರುವುದು ಅಪರೂಪ, ಎತ್ತಿಗೇ ಯಾಕೆ ಬರುತ್ತದೆ? ನೊಗವೋ, ಬಣ್ಣವೋ, ಬೀಜ ಒಡೆದದ್ದೋ? ಇದು ತಿಳಿದರೆ ಮನುಷ್ಯರ ಕ್ಯಾನ್ಸರಿಗೂ ಒಂದು ದಾರಿ ಸಿಕ್ಕೀತು. ಈಗ ಬರೆದಿಡದಿದ್ದರೆ ಮುಂದೆ ಯಾರೂ ಕೇಳುವುದಕ್ಕೂ ಬರುವುದಿಲ್ಲ."

ಆ ಮಾತು ನನಗೆ ಹಿಡಿಸಿತು. ರೋಗದ ಮೂಲ ಹುಡುಕುವುದರಲ್ಲಿ ನನ್ನ ಕೈಬರಹಕ್ಕೂ ಜಾಗ ಇದೆ ಎಂದು ಅದಕ್ಕೆ ಮೊದಲು ನನಗೆ ಅನಿಸಿರಲಿಲ್ಲ.

ಸೂಜಿ ಮಾಡುವ ರೀತಿ ವಿಚಿತ್ರವಾಗಿತ್ತು. ಎತ್ತಿನ ಕೋಡನ್ನು ಬುಡಕ್ಕೆ ಕೊಯ್ದು ತೆಗೆದ ಮೇಲೆ, ಅದರೊಳಗಿನ ಗಡ್ಡೆಯನ್ನೇ ಅರೆದು, ಕ್ರಿಮಿ ಸಾಯಲು ಕಾರ್ಬಾಲಿಕ್ ಬೆರೆಸಿ, ಸೋಸಿ, ಆ ರಸವನ್ನು ಅದೇ ಎತ್ತಿಗೆ ವಾರಕ್ಕೊಮ್ಮೆ ಚುಚ್ಚುವುದು. ಒಂದು ಎತ್ತಿನದು ಇನ್ನೊಂದಕ್ಕೆ ನಡೆಯುವುದಿಲ್ಲ. ಹೀಗೆ ಮಾಡಿದರೆ ಗಡ್ಡೆ ಮತ್ತೆ ಬೆಳೆಯುವುದಿಲ್ಲವೋ ಏನೋ ಎಂಬುದನ್ನು ನೋಡಬೇಕಿತ್ತು. ಅದಕ್ಕೆ ಎರಡು ಸಾಲು ಮಾಡಿದರು. ಒಂದು ಸಾಲಿನ ಎತ್ತುಗಳಿಗೆ ಕೋಡು ಕೊಯ್ದು ಸೂಜಿ. ಇನ್ನೊಂದಕ್ಕೆ ಕೋಡು ಕೊಯ್ಯುವುದಷ್ಟೇ. ಮೊದಲು ಬಂದ ಎತ್ತು ಸೂಜಿ ಸಾಲಿಗೆ, ಮುಂದಿನದು ಇನ್ನೊಂದು ಸಾಲಿಗೆ, ಹೀಗೆ ಒಂದು ಬಿಟ್ಟು ಒಂದು.

ನಮ್ಮ ಮಂದಿಗೆ ಇದು ತಿಳಿಯಲು ಎರಡು ದಿನ ಸಾಕಾಯಿತು. ಮೂರನೆಯ ದಿನ ಬೆಳಿಗ್ಗೆ ದವಾಖಾನೆಯ ಬಾಗಿಲಲ್ಲಿ ನಾನು ಜನ್ಮದಲ್ಲಿ ಕಾಣದ ಮರ್ಯಾದೆ ಕಂಡೆ. ಬಸ್ಸಿಗೆ ಒಬ್ಬರ ಮೇಲೊಬ್ಬರು ಬೀಳುವ ಜನ, ಎತ್ತಿನ ಹಗ್ಗ ಹಿಡಿದು ನಿಂತು, "ಮೊದಲ ನೀವ್ ಹೋಗ್ರಿ" "ಛೇ ಛೇ, ಹಿರ್ಯಾರು ನೀವು, ನಿಮ್ಮ ಮುಂದ ನಾ ಹ್ಯಾಂಗ ಹೋಗ್ಲಿ?" ಎನ್ನುತ್ತಿದ್ದರು. ಹಿಂದಿನ ದಿನ ಕೊನೆಗೆ ಹೋದ ಎತ್ತಿಗೆ ಸೂಜಿ ಸಿಕ್ಕಿತ್ತು, ಈಗ ಮುಂದೆ ನಿಂತವನಿಗೆ ಸೂಜಿ ಇಲ್ಲದ ಪಾಳಿ ಎಂದು ಎಲ್ಲರಿಗೂ ಗೊತ್ತಾಗಿತ್ತು. ಆ ಒಂದು ಎತ್ತು ಒಳಗೆ ಹೋದ ಕೂಡಲೇ ಮರ್ಯಾದೆ ಮುಗಿದು ನೂಕಾಟ.

ಎತ್ತು ಹಿಡಿದು ನಿಲ್ಲಿಸುವ ನಮ್ಮ ಜವಾನ ಮಕಬೂಲ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡ. "ಸಾಹೇಬ್ರ, ಛಲೋ ಎತ್ತಿನ ಮಾಲಕರೆಲ್ಲ ಶಾಣ್ಯಾ ಇದ್ದಾರ. ಪೆದ್ದರ ಎತ್ತಿಗೆ ಸೂಜಿ ಸಿಗಂಗಿಲ್ಲ ನೋಡ್ರಿ!"

ಜೋಶಿ ಸಾಹೇಬರು ನಗಲಿಲ್ಲ. ಎತ್ತಿನ ಮೇಲೆ ಹೆಚ್ಚು ಕಾಳಜಿ ಇರುವವನೇ ಸೂಜಿ ಸಾಲಿಗೆ ನುಗ್ಗಿದರೆ, ಆಮೇಲೆ ಬದುಕಿಸಿದ್ದು ಸೂಜಿಯೋ ಕಾಳಜಿಯೋ ಎಂದು ಹೇಳುವುದು ಹೇಗೆ? ಮರುದಿನದಿಂದ ಚೀಟಿ ಮಾಡಿ ತಂಬಿಗೆಯಲ್ಲಿ ಹಾಕಿದೆವು. ಕೋಡು ಕೊಯ್ದಾದ ಮೇಲೆ ಮಕಬೂಲ ಕಣ್ಣು ಮುಚ್ಚಿ ಒಂದನ್ನು ಎತ್ತುತ್ತಿದ್ದ. ಮರ್ಯಾದೆಯ ಪಾಳಿ ನಿಂತುಹೋಯಿತು. ಅದಕ್ಕೆ ಮೊದಲಿನ ಎತ್ತುಗಳನ್ನು ಬೇರೆ ಹಾಳೆಗೆ ಬರೆದೆವು.

ಇನ್ನೊಂದು ಸಂಗತಿ. ಸೂಜಿ ಹಾಕಿದ ಒಂದು ಎತ್ತು ವಾರದೊಳಗೆ ಹೊಟ್ಟೆ ಉಬ್ಬರಿಸಿ ಸತ್ತಿತು. ಹಸಿ ಜೋಳದ ಮೇವು ತಿಂದಿತ್ತು. ಸಾಹೇಬರು, "ಇದನ್ನು ಬಿಡು, ಕ್ಯಾನ್ಸರಿನಿಂದ ಸತ್ತದ್ದಲ್ಲ" ಅಂದರು. ನಾನು ಹೊಡೆದುಹಾಕಲು ಹೋದವನು ತಡೆದು ಕೇಳಿದೆ: "ಸೂಜಿ ಇಲ್ಲದ ಸಾಲಿನದು ಹಿಂಗ ಸತ್ತಿದ್ರ ಬಿಡ್ತಿದ್ವೇನ್ರಿ?" ಅವರು ರಿಜಿಸ್ಟರನ್ನು ಮತ್ತೆ ನನ್ನ ಕಡೆಗೆ ಸರಿಸಿದರು. "ಬಹುಶಃ ಬಿಡುತ್ತಿರಲಿಲ್ಲ. ಬರೆ. ಯಾತರಿಂದ ಸತ್ತಿತು ಎಂಬುದನ್ನೂ ಬರೆ." ಅಂದಿನಿಂದ ನನ್ನ ಮೇಲೆ ಅವರಿಗೆ ಸ್ವಲ್ಪ ಭರವಸೆ ಬಂತು. ಆ ಭರವಸೆಗೆ ನಾನು ಯೋಗ್ಯನಾಗಿರಲಿಲ್ಲ ಎಂಬುದು ಮುಂದೆ ಬರುತ್ತದೆ.

ಕೊಯ್ಯುವ, ಸೂಜಿ ಹಾಕುವ ಕೆಲಸ ಮುಗಿದ ಮೇಲೆ ಸಾಹೇಬರು ಶಹರಕ್ಕೆ ಹೋದರು. ಆರು ತಿಂಗಳಾದ ಮೇಲೆ ಯಾವ ಎತ್ತು ಹೇಗಿದೆ ಎಂದು ತಿಳಿದು ಬರೆದು ಕಳಿಸುವುದು ನನ್ನ ಪಾಲಿಗೆ ಬಂತು. ಎತ್ತುಗಳು ನಿಲಂಗಾ ತಾಲೂಕಿನ ಹಳ್ಳಿ ಹಳ್ಳಿಯಲ್ಲಿದ್ದವು. ಸೂಜಿ ಸಿಗದ ಎತ್ತಿನ ಮಾಲಕರು ತಾವಾಗಿಯೇ ದವಾಖಾನೆಗೆ ಬರುತ್ತಿದ್ದರು. "ಈಗಾದ್ರೂ ನಮ್ಮ ಎತ್ತಿಗೆ ಸೂಜಿ ಹಾಕ್ರಿ" ಎಂದು ಎತ್ತನ್ನು ಹೊಡೆದುಕೊಂಡೇ ಬರುವರು. ಎತ್ತು ಸತ್ತರೆ ಬೈಯಲಿಕ್ಕಾದರೂ ಬರುವರು. ಆ ಸಾಲಿನದನ್ನೆಲ್ಲ ನಾನು ಕಣ್ಣಾರೆ ಕಂಡು ಬರೆದೆ. ಸೂಜಿ ಹಾಕಿಸಿಕೊಂಡವರು ಮಾತ್ರ ಸಮಾಧಾನದಿಂದ ಮನೆಯಲ್ಲೇ ಕೂತಿದ್ದರು.

ಅವರನ್ನು ಹುಡುಕಿಕೊಂಡು ಹೋಗುವುದು ನನ್ನ ಕೆಲಸವಾಗಿತ್ತು. ನಾನು ಹೋಗಲಿಲ್ಲ. ಶಾಂತಯ್ಯ ಸ್ವಾಮಿಗಳಿಗೆ ಹೇಳಿದೆ. ಅವರು ಜಂಗಮರು, ಆ ಹಳ್ಳಿಗಳ ಲಿಂಗವಂತರ ಮನೆಗಳಿಗೆಲ್ಲ ಪೂಜೆಗೆ ಹೋಗುವವರು, ಸುಳ್ಳು ಆಡುವವರಲ್ಲ. ಮಾಲಕರ ಹೆಸರು, ಎತ್ತಿನ ಹೆಸರು ಬರೆದ ಚೀಟಿಗಳನ್ನು ಕೊಟ್ಟೆ. ಹದಿನೈದು ದಿನದಲ್ಲಿ ಅವರು ಒಂದೊಂದಾಗಿ ಸುದ್ದಿ ತಂದರು. "ಬಾಗವ್ವನ ಮನಿ ಬಸ್ಯಾ ಛಲೋ ಅದಾನ. ಬಿತ್ತಿಗಿ ಮಾಡ್ಲಿಕತ್ಯಾನ." ಹೀಗೇ ಮನೆ ಮನೆಯದೂ. ನಾನು 'ಜೀವಂತ, ಕೆಲಸ ಮಾಡುತ್ತಿದೆ' ಎಂದು ಬರೆಯುತ್ತ ಹೋದೆ. ಬರೆಯುತ್ತ ಬರೆಯುತ್ತ ಹಿಗ್ಗಿದೆ. ಸೂಜಿ ಸಾಲು ಬಹುತೇಕ ಬದುಕಿತ್ತು. ಇನ್ನೊಂದು ಸಾಲಿನಲ್ಲಿ ಸಾವು ಬಹಳ. ಅಂಚೆಗೆ ಹಾಕಿದೆ. ಸಾಹೇಬರಿಂದ ಮರುಟಪಾಲಿಗೆ 'ಶಾಬ್ಬಾಸ್' ಬಂತು. ವರದಿ ಬರೆಯುತ್ತಿದ್ದೇನೆ, ಮೇಲಿನವರ ಮುಂದೆ ಓದಿ ಒಪ್ಪಿಗೆ ಸಿಕ್ಕರೆ ಎರಡು ತಿಂಗಳಲ್ಲಿ ಸಾಮಾನು ಸಹಿತ ಮತ್ತೆ ಬರುತ್ತೇನೆ ಎಂದಿದ್ದರು.

ಆಗಲೇ ಶಂಕ್ರೆಪ್ಪ ಕಾಕಾ ಬಂದದ್ದು. ಕಾಸಾರಶಿರಸಿಯ ಪಕ್ಕದ ಹಳ್ಳಿಯವರು, ನಮ್ಮ ತಂದೆಯ ವಾರಿಗೆಯವರು, ಒಂದೇ ಜೋಡು ಎತ್ತಿನ ಒಕ್ಕಲುತನ. ಅವರ ಬಲಗಡೆಯ ಎತ್ತು ತಲೆ ಕೊಡಹುತ್ತಿತ್ತು, ಕೋಡು ತಿಕ್ಕುತ್ತಿತ್ತು. ಮೂಗು ಇನ್ನೂ ಒಣಗಿತ್ತು, ಕೋಡು ಗಟ್ಟಿಯಾಗಿತ್ತು. ಕೊಯ್ಯಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ.

"ನಮ್ಮ ದವಾಖಾನಿ ಡಾಕ್ಟರು ನಾಳೇನೇ ಕೊಯ್ತಾರ ಕಾಕಾ."

"ಕೊಯ್ದ ಮ್ಯಾಲ ಸೂಜಿ?"

"ಸೂಜಿ ಜೋಶಿ ಸಾಹೇಬ್ರ ಬಂದ ಮ್ಯಾಲ. ಎರಡ ತಿಂಗಳ ಆಗ್ತದ."

"ಸೂಜಿ ಹಾಕಿದ್ದು ಬದುಕ್ಯಾವೇನು? ಖರೆ ಹೇಳು ತಮ್ಮಾ."

ನಾನು ರಿಜಿಸ್ಟರ್ ತೆರೆದು ಬೆರಳಿಟ್ಟು ತೋರಿಸಿದೆ. "ಇಲ್ನೋಡ್ರಿ, ಸೂಜಿ ಹಾಕಿದ್ದು ಬಹುತೇಕ ಬದುಕ್ಯಾವ."

ಕಾಕಾ ಲೆಕ್ಕ ಹಾಕಿದರು. ಸೂಜಿ ಮಾಡುವುದು ಅದೇ ಎತ್ತಿನ ಗಡ್ಡೆಯಿಂದ. ಈಗ ಕೊಯ್ದರೆ ಗಡ್ಡೆ ಹಳ್ಳಕ್ಕೆ ಹೋಗುತ್ತದೆ. ಎರಡು ತಿಂಗಳಾದ ಮೇಲೆ ಸಾಹೇಬರು ಬಂದು ಯಾತರಿಂದ ಸೂಜಿ ಮಾಡಬೇಕು? "ಹಂಗಾರ ಅವರು ಬರೂತನಕ ಕೋಡ ಮುಟ್ಟೂದು ಬ್ಯಾಡ" ಎಂದು ಎತ್ತು ಹೊಡೆದುಕೊಂಡು ಹೋದರು. ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನೂ ಹೂಂ ಅಂದೆ.

ಮೂರು ವಾರ ಕಳೆಯಿತು. ಮನೆಗೆ ಮೆಣಸಿನಕಾಯಿ ತರಲು ಕಾಸಾರಶಿರಸಿಯ ಸಂತೆಗೆ ಹೊರಟಿದ್ದೆ. ಅರ್ಧ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಬಾಗವ್ವನ ಊರು ಹತ್ತಿರವೇ ಇತ್ತು. ಒಂದು ತಂಬಿಗೆ ಮಜ್ಜಿಗೆ ಸಿಕ್ಕೀತು ಎಂದು ನಡೆದೆ. ಅರವತ್ತು ದಾಟಿದ ಮುದುಕಿ, ಮಗನಿಗಿಂತ ಗಟ್ಟಿಯಾಗಿ ಮನೆ ನಡೆಸುವವಳು. ಮಜ್ಜಿಗೆ ಕುಡಿಯುತ್ತ ಕೊಟ್ಟಿಗೆಯ ಕಡೆ ನೋಡಿದೆ. ಬಲಗಡೆಯ ಮೇವಿನ ಗ್ವಾದಲಿಯಲ್ಲಿ ಎತ್ತೊಂದು ಜೋಳದ ಕಣಕಿ ಮೇಯುತ್ತಿತ್ತು.

"ಅವ್ವಾ, ಇಂವಾ ಯಾರು?"

"ಬಸ್ಯಾ. ಮತ್ಯಾರು?"

"ಇಂವಗ ಎರಡೂ ಕೋಡ ಅವಲ್ಲ?"

ಬಾಗವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಎತ್ತಿಗೆ ಎರಡ ಕೋಡ ಇರ್ತಾವಪ್ಪಾ. ನೀ ದನದ ದವಾಖಾನ್ಯಾಗ ಇರಾಂವ, ನಿನಗ ಇದನ್ನೂ ನಾ ಹೇಳಬೇಕೇನು?"

"ನಮ್ಮಲ್ಲಿ ಕೋಡ ಕೊಯ್ಸಿದ್ಯಲ್ಲಬೇ, ಆ ಬಸ್ಯಾ?"

ಆಕೆ ದೇವರ ಕೋಣೆಯ ಕಡೆ ಒಮ್ಮೆ ನೋಡಿ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಪಿಸುಗುಟ್ಟಿದಳು. "ಅಂವಾ ಶಿವನ ಕಡೆ ಹೋಗಿ ನಾಕ ತಿಂಗಳಾತು. ಮತ್ತ ಗಡ್ಡಿ ಎದ್ದಿತ್ತು. ಜೋರಾಗಿ ಕೇಳಬ್ಯಾಡ, ಮನ್ಯಾಗ ಆ ಮಾತ ಆಡಬಾರದು."

ಇದು ನನಗೆ ಗೊತ್ತಿಲ್ಲದ ಪದ್ಧತಿಯಲ್ಲ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ನೊಗದ ಬಲಗಡೆ ಹೂಡುವವನು ಬಸ್ಯಾ, ಎಡಗಡೆಯವನು ಸೋಮ್ಯಾ. ಬಸವನೆಂದು ಪೂಜಿಸಿದ ಎತ್ತು ಸತ್ತಿತು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಅದರ ಗ್ವಾದಲಿಯನ್ನು ಬಹಳ ದಿನ ಬರಿದಾಗಿ ಬಿಡುವುದಿಲ್ಲ. ಹೊಸ ಹೋರಿ ತಂದು ಕಟ್ಟುತ್ತಾರೆ, ಕಟ್ಟಿದ ಗಳಿಗೆಯಿಂದ ಅಂವಾ ಬಸ್ಯಾ. ನನ್ನ ಅಜ್ಜನ ಕಾಲದಿಂದಲೂ ನಮ್ಮ ಮನೆಯಲ್ಲಿ ಬಸ್ಯಾ ಇದ್ದಾನೆ. ಎತ್ತು ಅಷ್ಟು ವರ್ಷ ಬದುಕುತ್ತದೆಯೇ ಎಂದು ನಾನು ಒಂದು ದಿನವೂ ಯೋಚಿಸಿದವನಲ್ಲ. ಪರವೂರಿನ ಕಂಪೌಂಡರನಾಗಿದ್ದರೆ ಬಣ್ಣ ಕೇಳುತ್ತಿದ್ದ, ಮಚ್ಚೆ ಕೇಳುತ್ತಿದ್ದ. ನಾನು ಮನೆಯವನು, ಹೆಸರು ಕೇಳಿದೆ. ಬಣ್ಣ, ಮಚ್ಚೆ, ಸುಳಿ ಎಲ್ಲ ನನ್ನದೇ ಅಕ್ಷರದಲ್ಲಿ ರಿಜಿಸ್ಟರಿನಲ್ಲಿತ್ತು. ಸ್ವಾಮಿಗಳಿಗೆ ಕೊಟ್ಟ ಚೀಟಿಯಲ್ಲಿ ಮಾತ್ರ ಇರಲಿಲ್ಲ.

ಸಂತೆ ಬಿಟ್ಟು ನೇರವಾಗಿ ಶಂಕ್ರೆಪ್ಪ ಕಾಕಾನ ಊರಿಗೆ ನಡೆದೆ. ಅವರು ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದರು. ಎತ್ತು ನೆರಳಿನಲ್ಲಿ ನಿಂತಿತ್ತು. ಎಡಗಡೆಯ ಮೂಗಿನ ಹೊಳ್ಳೆಯಲ್ಲಿ ಒಣಗಿದ ರಕ್ತದ ಗೆರೆ ಕಾಣುತ್ತಿತ್ತು.

"ಕಾಕಾ, ನಾಳೇನೇ ಕೋಡ ಕೊಯ್ಸ್ರಿ. ಸೂಜಿ ಹಾದಿ ಕಾಯಬ್ಯಾಡ್ರಿ."

"ಯಾಕ? ಸೂಜಿ ಸುಳ್ಳೇನು?"

"ಗೊತ್ತಿಲ್ರಿ."

"ಅವತ್ತ ಬುಕ್ಕಿನ ಮ್ಯಾಲ ಬಟ್ಟಿಟ್ಟು ತೋರ್ಸಿದಿ. ಇವತ್ತ ಗೊತ್ತಿಲ್ಲ ಅಂತಿ. ದವಾಖಾನಿ ಬುಕ್ ಅಂದ್ರ ಏನ್ ಹುಡುಗಾಟಕಿ ಮಾಡೀದಿ?"

ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಬಾಗವ್ವನ ಎರಡು ಕೋಡಿನ ಬಸ್ಯಾನ ಕಥೆ ಕೇಳಿ ಕಾಕಾನಿಗೆ ನಗು ಬಂತು. ನಗುತ್ತಿದ್ದಂತೆಯೇ ತಮ್ಮ ಎತ್ತಿನ ಕಡೆ ನೋಡಿ ನಗು ನಿಲ್ಲಿಸಿದರು. "ಅಂದ್ರ ಈ ಮೂರ ವಾರ ನಾ ಸತ್ತ ಎತ್ತುಗಳ ಮಾತ ಕೇಳಿ ಕುಂತಿದ್ದೆ." ಹಗ್ಗವನ್ನು ಅಲ್ಲೇ ಒಗೆದು ಎದ್ದರು. ಮರುದಿನ ನಿಲಂಗಾದಲ್ಲಿ ನಮ್ಮ ಡಾಕ್ಟರು ಕೋಡು ಕೊಯ್ದರು. ಮಕಬೂಲನೂ ನಾನೂ ಹಿಡಿದಿದ್ದೆವು. ಗಡ್ಡೆ ಕೋಡಿನ ಬುಡ ದಾಟಿ ಒಳಗೆ ಇಳಿಯತೊಡಗಿತ್ತು. ಮೂರು ವಾರದ ಹಿಂದೆ ಎಲ್ಲಿತ್ತೋ ಯಾರಿಗೆ ಗೊತ್ತು. ಸಿಕ್ಕಷ್ಟನ್ನು ಕೆರೆದು ತೆಗೆದರು.

ಆಮೇಲೆ ನಾನು ರಜೆ ಹಾಕಿ, ರಿಜಿಸ್ಟರನ್ನು ಚೀಲದಲ್ಲಿಟ್ಟುಕೊಂಡು ಸೂಜಿ ಸಾಲಿನ ಒಂದೊಂದು ಕೊಟ್ಟಿಗೆಗೂ ಹೋದೆ. ಹೆಸರು ಕೇಳಲಿಲ್ಲ. ಎತ್ತಿನ ಮುಂದೆ ನಿಂತು, ಕೊಯ್ದ ಕೋಡಿನ ಗಾಯ, ಮಚ್ಚೆ, ಸುಳಿ ಪುಸ್ತಕದೊಂದಿಗೆ ತಾಳೆ ನೋಡಿದೆ. ಕೆಲವು ಕಡೆ ಹಳೆಯ ಬಸ್ಯಾನೇ ಇದ್ದ, ಒಂಟಿ ಕೋಡಿನವ, ಗಟ್ಟಿಮುಟ್ಟಾಗಿ. ಹಲವು ಕಡೆ ಹೊಸಬ. ಇನ್ನು ಒಂದೆರಡು ಎತ್ತುಗಳನ್ನು ಉದಗೀರಿನ ಸಂತೆಯಲ್ಲಿ ಮಾರಿದ್ದರು; ಅವು ಎಲ್ಲಿವೆ, ಇವೆಯೋ ಇಲ್ಲವೋ, ಯಾರಿಗೂ ಗೊತ್ತಿರಲಿಲ್ಲ.

ದಾರಿಯಲ್ಲಿ ಶಾಂತಯ್ಯ ಸ್ವಾಮಿಗಳು ಸಿಕ್ಕರು. ತಡೆಯಲಾಗದೆ ಕೇಳಿದೆ: "ಅಪ್ಪೋರ, ನೀವು ಎತ್ತಿನ ಕೋಡ ನೋಡ್ಲಿಲ್ಲೇನ್ರಿ?"

"ನೀ ಕೇಳಿದ್ದು ಬಸ್ಯಾ ಹ್ಯಾಂಗದಾನ ಅಂತ. ಕೋಡ ಎಷ್ಟದಾವ ಅಂತ ಕೇಳಿದ್ಯೇನು? ನಾ ಹೋಗೂದು ದೇವರ ಮನಿಗೆ, ಕೊಟ್ಟಗಿಗಿ ಅಲ್ಲ." ನಡೆದು ಹೋಗುತ್ತಿದ್ದವರು ಹೊರಳಿ ನಿಂತು ಹೇಳಿದರು, "ಗುರುಸಿದ್ಧಪ್ಪಾ, ನಿನ್ನ ಕೆಲಸ ನೀ ಮಾಡು, ನನ್ನ ಪೂಜಾ ನಾ ಮಾಡ್ತೀನಿ."

ಹೊಸ ಪಟ್ಟಿಯನ್ನು ಹಳೆಯದರ ಪಕ್ಕದಲ್ಲಿಟ್ಟು ನೋಡಿದೆ. ಎರಡು ಸಾಲುಗಳ ನಡುವೆ ಮೊದಲು ಕಂಡಿದ್ದ ಅಂತರ ಬಹುಮಟ್ಟಿಗೆ ಮಾಯವಾಗಿತ್ತು. ಒಂದು ಸಾಲಿನ ಸಾವುಗಳನ್ನು ನೋಡಿ ಬರೆದಿದ್ದೆ, ಇನ್ನೊಂದರ ಬದುಕನ್ನು ಕೇಳಿ ಬರೆದಿದ್ದೆ. ಸೂಜಿ ಗೆದ್ದದ್ದು ಅಲ್ಲಿ.

ಜೋಶಿ ಸಾಹೇಬರು ಆ ವಾರ ಉದಗೀರಿನ ಪ್ರವಾಸಿ ಬಂಗಲೆಯಲ್ಲಿ ಇಳಿದಿದ್ದರು. ಮುಂದಿನ ವಾರ ವರದಿ ಓದುವುದಿತ್ತು. ನಾನು ಬಸ್ಸು ಹತ್ತಿ ಹೋದೆ. ಮಧ್ಯಾಹ್ನದ ಬಿಸಿಲು. ಟೈಪ್ ಮಾಡಿದ ಹಾಳೆಗಳ ಮೇಲೆ ಕಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ.

"ತುಮ್ಹೀ ಮಾಣಸಂ ಆಹಾತ್ ಕಾ ಕೋಣ್!" ಎಂದು ಕೂಗಿದರು. ನೀವು ಮನುಷ್ಯರೋ ಯಾರೋ ಎಂದು. ಆ ಮೇಲೆ ಹೇಳಿದ್ದನ್ನು ಬರೆಯುವುದಿಲ್ಲ. ನನಗೆ ಸಲ್ಲಬೇಕಾದದ್ದೇ ಅದು. ಕೂಗು ಮುಗಿದ ಮೇಲೆ ನನ್ನ ಹೊಸ ಪಟ್ಟಿಯನ್ನು ಕೈಗೆತ್ತಿಕೊಂಡರು. ಬೆರಳಿಟ್ಟು ಒಂದೊಂದೇ ಸಾಲು ಓದಿದರು.

"ಗುರುತು ಸಂಶಯವಿರುವ ಎತ್ತುಗಳನ್ನು ಪೂರಾ ತೆಗೆದುಬಿಡೋಣ," ಅಂದರು ಕೊನೆಗೆ. "ಉಳಿದವು ಖಾತ್ರಿ ಇವೆಯಲ್ಲ. ಅವುಗಳ ಮೇಲೆ ವರದಿ ನಿಲ್ಲುತ್ತದೆ."

"ತೆಗೀಬಹುದ್ರಿ. ಆದ್ರ ಮಾರಿದ್ದು ಒಂದೆರಡು ಬಿಟ್ರ, ಸಂಶಯ ಇದ್ದದ್ದೆಲ್ಲ ಸತ್ತದ್ದೇ ಅದಾವ್ರಿ. ಬದುಕಿದ್ದರ ಗುರುತು ಕಣ್ಣ ಮುಂದೇ ಅದ, ಒಂಟಿ ಕೋಡ. ಸತ್ತದ್ದು ತೆಗದ್ರ ಸೂಜಿ ಸಾಲಿನ್ಯಾಗ ಬದುಕಿದ್ದಷ್ಟೇ ಉಳೀತಾವ್ರಿ."

ಅವರು ನನ್ನ ಮುಖ ನೋಡಿದರು. ಹೊಟ್ಟೆ ಉಬ್ಬರಿಸಿ ಸತ್ತ ಎತ್ತು ಅವರಿಗೂ ನೆನಪಾಗಿರಬೇಕು. ಮಕಬೂಲನಂತೆ ನಕ್ಕರೆ ಚೆನ್ನಾಗಿತ್ತು ಅನಿಸಿತು; ಅವರು ನಗುವವರಲ್ಲ. "ಇದನ್ನೆಲ್ಲ ಬರೆದರೆ ವರದಿಯಲ್ಲಿ ಏನು ಉಳಿಯುತ್ತದೆ ಹೇಳು. ಎರಡು ವರ್ಷದ ಕೆಲಸ ನನ್ನದು."

"ನನಗ ತಿಳೀದ್ರಿ. ನಿಲಂಗಾದಾಗ ಒಬ್ಬರು ಮಾತ್ರ ಹಳೇ ಪಟ್ಟಿ ನಂಬಿ ಮೂರ ವಾರ ಕೋಡ ಕೊಯ್ಸದ ಕುಂತ್ರು. ವರದಿ ಎಲ್ಲಾ ಕಡಿ ಹ್ವಾದ್ರ ಎಷ್ಟ ಮಂದಿ ಕೂಡ್ತಾರೋ ಗೊತ್ತಿಲ್ರಿ."

ಶಂಕ್ರೆಪ್ಪ ಕಾಕಾನ ಎತ್ತಿನ ವಿಷಯ ಪೂರ್ತಿ ಕೇಳಿದರು. ಗಡ್ಡೆ ಎಲ್ಲಿ ತನಕ ಇಳಿದಿತ್ತು ಎಂದು ಎರಡು ಸಲ ಕೇಳಿದರು. ಆಮೇಲೆ ಕಲ್ಲು ಎತ್ತಿ, ಟೈಪ್ ಮಾಡಿದ ಕೊನೆಯ ಹಾಳೆಯ ಮೇಲೆ ಅಡ್ಡ ಗೆರೆ ಎಳೆದರು. ಸಂಜೆಯ ತನಕ ನಾನು ಹೇಳುತ್ತ ಹೋದೆ, ಅವರು ಬರೆಯುತ್ತ ಹೋದರು: ಎಷ್ಟು ಎತ್ತು ಕಣ್ಣಾರೆ ಕಂಡದ್ದು, ಎಷ್ಟು ಕೇಳಿ ಬರೆದದ್ದು, ಎಷ್ಟು ಮಾರಿಹೋಗಿ ಸುದ್ದಿ ಇಲ್ಲದ್ದು, ಮರ್ಯಾದೆಯ ಪಾಳಿಯಲ್ಲಿ ಬಂದದ್ದು ಎಷ್ಟು, ಚೀಟಿ ಎತ್ತಿದ್ದು ಎಷ್ಟು. ಕೊನೆಯಲ್ಲಿ, ಈ ಸೂಜಿ ಉಪಯೋಗವೋ ಅಲ್ಲವೋ ಈ ಪ್ರಯೋಗದಿಂದ ಹೇಳಲು ಬರುವುದಿಲ್ಲ, ಅದಕ್ಕಾಗಿ ಕೋಡು ಕೊಯ್ಯುವುದನ್ನು ಯಾರೂ ಮುಂದೂಡಬಾರದು ಎಂದು ಬರೆದರು. ಅದನ್ನು ಓದಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲವಂತೆ. ಸಾಮಾನಿನ ಪೆಟ್ಟಿಗೆ ನಿಲಂಗಾಕ್ಕೆ ಮತ್ತೆ ಬರಲಿಲ್ಲ.

ನನ್ನ ಪಾಲಿಗೆ ಒಂದು ರೂಢಿ ಉಳಿಯಿತು. ಯಾವ ದನದ ಬಗ್ಗೆ ಬರೆದರೂ ಪಕ್ಕದಲ್ಲಿ 'ನೋಡಿದ್ದು' ಅಥವಾ 'ಕೇಳಿದ್ದು' ಎಂದು ಬರೆಯುವುದು. ಮುಂದೆ ಬಂದ ಡಾಕ್ಟರುಗಳು ಕೆಲವರು ನಕ್ಕರು, ಕೆಲವರು ಕಾಲಮ್ಮು ವ್ಯರ್ಥ ಅಂದರು. ನಾನು ಬಿಡಲಿಲ್ಲ. ಕೆಲಸಕ್ಕೆ ಹೊಸಬರಾದ ನೀವು ಬಿಟ್ಟರೆ, ಬಿಡುವ ಮೊದಲು ಮುಂದಿನದನ್ನು ಓದಿ ಬಿಡಿ.

ಶಂಕ್ರೆಪ್ಪ ಕಾಕಾನ ಎತ್ತು ಒಂಟಿ ಕೋಡಿನಲ್ಲಿ ಹಿಂಗಾರಿ ಬಿತ್ತಿಗೆ ಮುಗಿಸಿತು. ಜೋಡು ನೋಡಲು ಚಂದ ಕಾಣುವುದಿಲ್ಲ ಎಂದು ಊರವರು ಕಿಚಾಯಿಸಿದರೆ, "ನೆಲ ಉಳೂದು ಕೋಡಿನಿಂದ ಅಲ್ಲೋ" ಅನ್ನುತ್ತಿದ್ದರಂತೆ. ನಾನು ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಜೋಳ ತೆನೆ ಕಟ್ಟುವ ಹೊತ್ತಿಗೆ ಗಾಯ ಮತ್ತೆ ಬಾಯಿಬಿಟ್ಟಿತು. ಎರಡನೆಯ ಸಲ ಕೆರೆದೆವು, ಹಿಡಿಯಲಿಲ್ಲ.

ರಾಶಿ ಮುಗಿದ ಮೇಲೆ ಒಂದು ಬೆಳಿಗ್ಗೆ ಕಾಕಾ ನಡೆದುಕೊಂಡೇ ದವಾಖಾನೆಗೆ ಬಂದರು. ಕೈಯಲ್ಲಿ ಹಗ್ಗ ಇರಲಿಲ್ಲ. ನಾಲ್ಕೈದು ಮಂದಿ ಒಕ್ಕಲಿಗರು ಎತ್ತು ಹಿಡಿದು ನಿಂತಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಕಾಕಾ ಹೇಳಿದರು:

"ಗುರುಸಿದ್ಧಾ, ನಮ್ಮ ಬಸ್ಯಾ ಸತ್ತ. ಬರಕೋ."

ನಿಂತಿದ್ದವರಲ್ಲಿ ಒಬ್ಬ, "ಏ ಕಾಕಾ, ಹಂಗ ಅನಬಾರದು!" ಅಂದ.

"ಅನಬಾರದು ಅಂತ ಅನಲಾರದಕ್ಕೇ ನಾ ಮೂರ ವಾರ ಕಳದೆ. ಬರಿ ತಮ್ಮಾ. ಇನ್ನಾ ಹೋರಿ ತಂದಿಲ್ಲ, ಗ್ವಾದಲಿ ಖಾಲಿ ಅದ. ನೋಡಿ ಬರೀತೀ ಅಂದ್ರ ಮನಿತನಕ ಬಾ."

ಹೋದೆ. ನೋಡಿದೆ. ಅವರ ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ರಿಜಿಸ್ಟರ್ ತೆರೆದೆ. ಕಾಕಾ ಎದುರು ಕೂತರು.

"ಸೂಜಿ ಖರೆನೋ ಸುಳ್ಳೋ ಗೊತ್ತಾತೇನು?"

"ಇನ್ನಾ ಇಲ್ರಿ. ಬ್ಯಾರೆ ಯಾರರ ಮಾಡಿ ನೋಡಬೇಕು."

"ಅವರು ನಿನ್ನ ಬುಕ್ ಓದ್ತಾರೇನು?"

"ಓದಿದ್ರ ಓದ್ಯಾರು."

"ಹಂಗಾರ ಸೂಜಿ ಇಲ್ಲದ ಎತ್ತು ಅಂತ ಇಷ್ಟೇ ಬರೀಬ್ಯಾಡ. ತಡಾ ಆಗಿ ಕೊಯ್ದದ್ದು ಅಂತ ಬರಿ. ಯಾಕ ತಡಾ ಆತು ಅಂತನೂ ಬರಿ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ನಾನು ಬರೆದೆ.

"ಓದಿ ಹೇಳು."

ಓದಿದೆ: 'ಎಡಗೋಡು. ರೋಗ ತಿಳಿದ ಮೇಲೆ ಮೂರು ವಾರ ಕೊಯ್ಯಲಿಲ್ಲ. ಕಾರಣ, ಸೂಜಿ ಹಾಕಿದ ಎತ್ತುಗಳು ಬದುಕಿವೆ ಎಂದು ಈ ದವಾಖಾನೆಯ ಕಂಪೌಂಡರ್ ಗುರುಸಿದ್ಧಪ್ಪ ಮಾಲಕರಿಗೆ ಹೇಳಿದ್ದ. ಆತ ಅವನ್ನು ನೋಡಿರಲಿಲ್ಲ.'

ಕಾಕಾ ತಲೆಯಾಡಿಸಿದರು. ಎದ್ದು ರುಮಾಲು ಸುತ್ತಿಕೊಂಡು, "ಉದಗೀರಿನ ಬಸ್ ಎಷ್ಟಕ್ಕದ?" ಎಂದು ಕೇಳಿದರು. "ಹೋರಿ ತರಬೇಕು."